ಬಂದರಿನ ಬೋಟಿಗೂ ತಿಕೋಟಾದ ಟ್ರ್ಯಾಕ್ಟರಿಗೂ ಒಂದೇ 'ಹೆಡ್' ನೋವು

ವಿಜಯಪುರ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಗೋಳಗುಮ್ಮಟ, ಇಬ್ರಾಹೀಂ ರೋಝಾ. ಮಕ್ಕಳನ್ನು ಅಲ್-ಅಮೀನ್ ಮೆಡಿಕಲ್ ಕಾಲೇಜಿಗೆ ಕಳುಹಿಸಿದ ಮನೆಯವರಿಗೆ ಅಥಣಿ ರಸ್ತೆಯೂ ಗೊತ್ತು. ಅದೇ ರಸ್ತೆಯಲ್ಲಿ ಊರು ದಾಟಿ ಮುಂದೆ ಹೋದರೆ ತಿಕೋಟಾ. ಜಮಖಂಡಿ ಕಡೆಯ ರಸ್ತೆ ಹಿಡಿದರೆ ಬಬಲೇಶ್ವರ. ಎರಡೂ ಕಡೆ ದ್ರಾಕ್ಷಿ ತೋಟ, ತೋಟದ ಬದಿಯಲ್ಲಿ ಒಣದ್ರಾಕ್ಷಿಯ ಶೆಡ್ಡು. ಕಡಲು ಇಲ್ಲಿಂದ ನೂರಾರು ಕಿಲೋಮೀಟರ್ ದೂರ.

ಹಾಗಿದ್ದೂ ಈ ಭಾಗದ ಟ್ರ್ಯಾಕ್ಟರ್ ಗ್ಯಾರೇಜುಗಳನ್ನು ನೋಡಿದಾಗ ನಮಗೆ ಮಂಗಳೂರಿನ ದಕ್ಕೆಯೇ ನೆನಪಾಗುತ್ತದೆ. ಬಿಚ್ಚಿಟ್ಟ ಇಂಜಿನ್, ಗೋಣಿಯ ಮೇಲೆ ಸಾಲಾಗಿ ಜೋಡಿಸಿಟ್ಟ ವಾಲ್ವುಗಳು, ಡೀಸೆಲಿನಲ್ಲಿ ತೊಳೆದಿಟ್ಟ ಸಿಲಿಂಡರ್ ಹೆಡ್. ನಮ್ಮ ಕಡೆ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳ ಇಂಜಿನ್ ಕೆಲಸ ಹೆಚ್ಚಾಗಿ ನಡೆಯುವುದು ಆಗಲೇ. ಅಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಮುಂದಿನ ಚಾಟ್ನಿಗೆ ಮೊದಲು ಟ್ರ್ಯಾಕ್ಟರ್ ಕೆಲಸ. ದೂರು ಮಾತ್ರ ಎರಡೂ ಕಡೆ ಒಂದೇ. ಇಲ್ಲಿಯವರು "ಪಿಕಪ್ ಇಲ್ಲ ಮಾರಾಯ್ರೆ, ಕಪ್ಪು ಹೊಗೆ" ಅಂತಾರೆ. ಅಲ್ಲಿಯವರು "ಪವರ್ ಕಮ್ಮಿ ಆಗೇತ್ರಿ, ಹೊಗಿ ಬಿಡಾಕತ್ತೈತಿ" ಅಂತಾರೆ. ಎರಡೂ ಕಡೆ ಮುಂದಿನ ಮಾತು ಕೂಡ ಹೆಚ್ಚುಕಮ್ಮಿ ಇದೇ: ಹೇಗೂ ಹೆಡ್ ಬಿಚ್ಚಿದ್ದೀರಿ, ಸ್ವಲ್ಪ ಪವರ್ ಏರಿಸಿಬಿಡಿ.

ಈ 'ಸ್ವಲ್ಪ ಪವರ್ ಏರಿಸಿಬಿಡಿ' ಎನ್ನುವ ಮಾತಿನ ಬಗ್ಗೆಯೇ ಈ ವಾರ ಬರೆಯುತ್ತಿದ್ದೇವೆ. ಕಸಬಾ ಬೆಂಗರೆ, ಉಳ್ಳಾಲ, ಬಂದರ್ ಕಡೆ ಬೋಟಿನ ಮೇಲೆ ಬದುಕು ಕಟ್ಟಿಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಇಂಜಿನ್ ಮೇಸ್ತ್ರಿಗಳೂ ಇದ್ದಾರೆ. ಹೆಡ್ ಕೆಲಸದಲ್ಲಿ ಮಾಡುವ ಒಂದು ತಪ್ಪು ತೀರ್ಮಾನ ಇಡೀ ಸೀಸನ್ನಿನ ದುಡಿಮೆ ತಿನ್ನುತ್ತದೆ. ಕಡಲಲ್ಲಾದರೆ ಜೀವಕ್ಕೇ ಕುತ್ತು.

ಹೆಡ್ಡಿನೊಳಗೆ ಏನು ನಡೆಯುತ್ತದೆ

ಸಿಲಿಂಡರಿನ ಮೇಲೆ ಕೂರುವ ಮುಚ್ಚಳವೇ ಹೆಡ್. ಆದರೆ ಬರೀ ಮುಚ್ಚಳ ಅಲ್ಲ. ಗಾಳಿ ಒಳಗೆ ಬರುವ ಇನ್‌ಲೆಟ್ ವಾಲ್ವ್, ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ವಾಲ್ವ್, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್, ಇವುಗಳ ಸುತ್ತ ಹರಿಯುವ ತಂಪು ನೀರಿನ ದಾರಿ, ಎಲ್ಲವೂ ಅಂಗೈಯಷ್ಟು ಜಾಗದಲ್ಲಿ.

ಫೋರ್ ಸ್ಟ್ರೋಕ್ ಇಂಜಿನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಪ್ರತಿ ವಾಲ್ವ್ ಒಂದು ಸಲ ತೆರೆದು ಮುಚ್ಚುತ್ತದೆ. ಇಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದ್ದರೆ ವಾಲ್ವ್ 900 ಸಲ ಬಡಿಯುತ್ತದೆ. ಎಂಟು ಗಂಟೆ ಓಡಿದರೆ 4 ಲಕ್ಷ 32 ಸಾವಿರ ಸಲ. ಪ್ರತಿ ಸಲವೂ ಅದು ಸೀಟಿನ ಮೇಲೆ ಸರಿಯಾಗಿ ಕೂರಬೇಕು, ಒಂದು ಎಳೆಯಷ್ಟೂ ಗಾಳಿ ಸೋರಬಾರದು.

ಇದರಲ್ಲಿ ಅತಿ ಕಷ್ಟದ ಕೆಲಸ ಎಕ್ಸಾಸ್ಟ್ ವಾಲ್ವಿನದ್ದು. ಇನ್‌ಲೆಟ್ ವಾಲ್ವಿಗೆ ಪ್ರತಿ ಸಲ ಹೊಸ ಗಾಳಿಯ ತಂಪು ಸಿಗುತ್ತದೆ. ಎಕ್ಸಾಸ್ಟ್ ವಾಲ್ವಿಗೆ ಸಿಗುವುದು ಬೆಂಕಿ ಮಾತ್ರ. ಭಾರ ಎಳೆಯುವಾಗ ಅದರ ತಲೆ 600–700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಬಿಸಿ ಹೋಗಬೇಕಾದರೆ ಇರುವುದು ಎರಡೇ ದಾರಿ. ಸುಮಾರು ಮುಕ್ಕಾಲು ಭಾಗ, ವಾಲ್ವ್ ಮುಚ್ಚಿ ಸೀಟಿಗೆ ತಾಗಿಕೊಂಡಿರುವಾಗ ಸೀಟಿನ ಮೂಲಕ ನೀರಿಗೆ ಹೋಗುತ್ತದೆ. ಉಳಿದದ್ದು ವಾಲ್ವಿನ ಕಾಂಡದಿಂದ ಗೈಡಿಗೆ. ಅಂದರೆ ಸೀಟು ಬರೀ ಗಾಳಿ ತಡೆಯುವ ಜಾಗ ಅಲ್ಲ, ವಾಲ್ವ್ ತಣಿಯುವ ಜಾಗವೂ ಹೌದು. ಸೀಟಿನಲ್ಲಿ ಒಂದು ಕಡೆ ಕಸ ಕೂತರೆ, ಒಂದು ಕಡೆ ಗೀರು ಬಿದ್ದರೆ, ಆ ಸಂದಿಯಿಂದ ಬೆಂಕಿಯ ಗಾಳಿ ನುಗ್ಗುತ್ತದೆ. ಅಲ್ಲಿಂದ ವಾಲ್ವ್ ಸುಟ್ಟು ತುಂಡು ಹಾರುವುದಕ್ಕೆ ಹೆಚ್ಚು ದಿನ ಬೇಡ.

ಪ್ರೊಪೆಲ್ಲರಿಗೂ ಬ್ಲೋವರಿಗೂ ಒಂದೇ ಲೆಕ್ಕ

ಕಾರು, ಬೈಕುಗಳ ಇಂಜಿನಿಗೆ ವಿಶ್ರಾಂತಿ ಇದೆ. ಸಿಗ್ನಲಿನಲ್ಲಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಹಗುರಾಗುತ್ತದೆ. ಬೋಟಿನ ಇಂಜಿನಿಗೆ ಆ ಭಾಗ್ಯ ಇಲ್ಲ. ಬಲೆ ಎಳೆಯಲು ಶುರುಮಾಡಿದರೆ ಗಂಟೆಗಟ್ಟಲೆ ಒಂದೇ ಭಾರ, ಒಂದೇ ವೇಗ. ನೆಲದ ಮೇಲೆ ಇದಕ್ಕೆ ಹತ್ತಿರದ ದುಡಿಮೆ ಯಾವುದು ಅಂತ ಕೇಳಿದರೆ ದ್ರಾಕ್ಷಿ ತೋಟದ ಔಷಧಿ ಸಿಂಪರಣೆ ಅಂತ ಧೈರ್ಯವಾಗಿ ಹೇಳಬಹುದು. ಟ್ರ್ಯಾಕ್ಟರಿನ ಹಿಂದೆ ಬ್ಲೋವರ್ ಕಟ್ಟಿರುತ್ತಾರೆ. ಅದರ ಫ್ಯಾನ್ ತಿರುಗುವುದು ಟ್ರ್ಯಾಕ್ಟರಿನ ಪಿಟಿಒ ಶಾಫ್ಟಿನಿಂದ. ಸಾಲಿನಿಂದ ಸಾಲಿಗೆ ಗಾಡಿ ನಿಧಾನಕ್ಕೆ ಹೋಗುತ್ತಿದ್ದರೂ ಇಂಜಿನ್ ಮಾತ್ರ ಏರಿದ ವೇಗದಲ್ಲೇ ದುಡಿಯುತ್ತಿರುತ್ತದೆ.

ಅಲ್ಲಿ ಏನು ಪಣಕ್ಕಿದೆ ಅನ್ನುವುದನ್ನೂ ತಿಳಿಯಬೇಕು. ಅಕ್ಟೋಬರ್ ಚಾಟ್ನಿ ಮಾಡಿ ಚಿಗುರು, ಹೂ ಬರುವ ಹೊತ್ತಿಗೆ ಹಿಂಗಾರು ಮಳೆ ಬೀಳುವುದುಂಟು. ಎಲೆ ಒದ್ದೆಯಾಗಿ ಉಳಿದರೆ ಡೌನಿ ರೋಗ ಹಬ್ಬುತ್ತದೆ. ಮಳೆ ನಿಂತ ಕೂಡಲೇ ಸಿಂಪರಣೆ ಆಗಬೇಕು, ನಾಳೆ ನೋಡೋಣ ಅಂದರೆ ಆಗದು. ಆ ದಿನ ಟ್ರ್ಯಾಕ್ಟರ್ ಕೈಕೊಟ್ಟರೆ ವರ್ಷದ ಬೆಳೆಗೆ ಅಪಾಯ. ದಡದಿಂದ ದಿನಗಟ್ಟಲೆ ದೂರ ಹೋದ ಬೋಟಿನ ಇಂಜಿನ್ ನಿಂತರೂ ಅದೇ ಪಾಡು. ಅಲ್ಲಿ ಇನ್ನೊಂದು ಬೋಟು ಬಂದು ಎಳೆದುಕೊಂಡು ಹೋಗಬೇಕು, ಅದೂ ಗಾಳಿ ಅಲೆ ಸರಿ ಇದ್ದರೆ.

ಈಗ ಪವರ್ ಲೆಕ್ಕಕ್ಕೆ ಬರೋಣ. ನೀರು ತಳ್ಳುವ ಪ್ರೊಪೆಲ್ಲರ್, ಗಾಳಿ ತಳ್ಳುವ ಫ್ಯಾನ್ ಎರಡಕ್ಕೂ ಒಂದು ನಿಯಮ ಇದೆ. ತಿರುಗುವ ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ಅದರ ಘನದಂತೆ ಏರುತ್ತದೆ. ಬಿಡಿಸಿ ಹೇಳಬೇಕಾದರೆ, ವೇಗ ನೂರಕ್ಕೆ ಹತ್ತು ಹೆಚ್ಚಾಗಬೇಕಾದರೆ ಶಕ್ತಿ ನೂರಕ್ಕೆ 33ರಷ್ಟು ಹೆಚ್ಚು ಬೇಕು. ತಿರುಗಿಸಿ ಹೇಳಿದರೆ, ಹೆಡ್ ಮೇಲೆ ಖರ್ಚು ಮಾಡಿ ಇಂಜಿನಿನ ಶಕ್ತಿಯನ್ನು ನೂರಕ್ಕೆ 20ರಷ್ಟು ಏರಿಸಿದರೂ ಅದೇ ಪ್ರೊಪೆಲ್ಲರಿನ ವೇಗ ಏರುವುದು ಆರರಷ್ಟು ಮಾತ್ರ. ಡೀಸೆಲ್ ಮಾತ್ರ ಶಕ್ತಿಗೆ ತಕ್ಕಂತೆ ಖರ್ಚಾಗುತ್ತದೆ. ಈ ಲೆಕ್ಕ ಕಾಗದದ ಮೇಲೆ ಬರೆದು ನೋಡಿದರೆ ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಾರೆ.

ದೊಡ್ಡ ವಾಲ್ವ್ ಹಾಕಿದರೆ ಏನಾಗುತ್ತದೆ?

ಹೈ ಪರ್ಫಾರ್ಮೆನ್ಸ್ ಬೋಟ್ ಇಂಜಿನುಗಳಲ್ಲಿ, ಅಂದರೆ ರೇಸಿನ ದೋಣಿ, ವೇಗದ ಗಸ್ತು ದೋಣಿಗಳಂಥವುಗಳಲ್ಲಿ, ಹೆಡ್ ಬದಲಾಯಿಸುವುದು, ದೊಡ್ಡ ವಾಲ್ವ್ ಹಾಕುವುದು, ಗಾಳಿಯ ದಾರಿಯನ್ನು ಉಜ್ಜಿ ನುಣುಪು ಮಾಡುವುದು ಎಲ್ಲ ಮಾಡುತ್ತಾರೆ. ಅದಕ್ಕೆ ಕಾರಣ ಇದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 12 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಅದು ಸುಮಾರು 10 ಸಾವಿರ ಲೀಟರ್, ಒಂದು ಚಿಕ್ಕ ಕೋಣೆ ತುಂಬುವಷ್ಟು. ಶಕ್ತಿ ಹೆಚ್ಚಬೇಕಾದರೆ ಗಾಳಿ ಹೆಚ್ಚು ಬೇಕು. ಗಾಳಿ ಹೆಚ್ಚು ಬೇಕಾದರೆ ಬಾಗಿಲು ದೊಡ್ಡದಾಗಬೇಕು. 40 ಮಿಲಿಮೀಟರಿನ ವಾಲ್ವಿನ ಬದಲು 42ರದ್ದು ಹಾಕಿದರೆ ಬಾಗಿಲಿನ ವಿಸ್ತಾರ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ.

ಗಾಳಿಯ ವಿಷಯದಲ್ಲಿ ವಿಜಯಪುರದವರಿಗೆ ನಮಗಿಂತ ಒಂದು ಕಷ್ಟ ಜಾಸ್ತಿ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಐದಾರು ಭಾಗ ತೆಳು. ಬೇಸಿಗೆಯ ಬಿಸಿಲಿಗೆ ಇನ್ನೂ ತೆಳು. ಏರ್ ಫಿಲ್ಟರಿನಲ್ಲಿ ತೋಟದ ಧೂಳು ಕೂತರೆ ಕೇಳುವುದೇ ಬೇಡ. ಹಾಗಾಗಿ ಕಪ್ಪು ಹೊಗೆ ಕಂಡ ಕೂಡಲೇ ಹೆಡ್ ಬಿಚ್ಚಬೇಡಿ, ಮೊದಲು ಫಿಲ್ಟರ್ ನೋಡಿ ಎನ್ನುವುದು ಅಲ್ಲಿಯವರಿಗೂ ಇಲ್ಲಿಯವರಿಗೂ ಸಲ್ಲುವ ಮಾತು.

ಆದರೆ ದೊಡ್ಡ ವಾಲ್ವ್ ಒಂಟಿಯಾಗಿ ಬರುವುದಿಲ್ಲ, ಹಿಂದೆಯೇ ನಾಲ್ಕು ತೊಂದರೆ ಕರೆದುಕೊಂಡು ಬರುತ್ತದೆ. ಎರಡು ವಾಲ್ವುಗಳ ನಡುವೆ ಹೆಡ್ಡಿನಲ್ಲಿ ಒಂದು ಸಣ್ಣ ಸೇತುವೆಯಂಥ ಭಾಗ ಇರುತ್ತದೆ. ವಾಲ್ವ್ ದೊಡ್ಡದಾದಷ್ಟು ಆ ಸೇತುವೆ ಸಪೂರ ಆಗುತ್ತದೆ. ಬಿರುಕು ಮೊದಲು ಬೀಳುವುದೂ ಅಲ್ಲೇ. ಡೀಸೆಲ್ ಇಂಜಿನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೂ ಅದಕ್ಕೂ ನಡುವೆ ಉಳಿಯುವ ಜಾಗ ಬಹಳ ಕಡಿಮೆ, ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಹೆಡ್ಡನ್ನು ಪದೇಪದೇ ಫೇಸಿಂಗ್ ಮಾಡಿಸಿ ತೆಳು ಮಾಡಿದರೆ, ವಾಲ್ವ್ ಸರಿಯಾದ ಆಳದಲ್ಲಿ ಕೂರದಿದ್ದರೆ, ಪಿಸ್ಟನ್ ಬಂದು ವಾಲ್ವಿಗೆ ಹೊಡೆಯುತ್ತದೆ. ಆಮೇಲೆ ಹೆಡ್ ಮಾತ್ರ ಅಲ್ಲ, ಇಡೀ ಇಂಜಿನ್ ಕೆಲಸ.

ಇನ್ನೊಂದು ಸುಲಭದ ದಾರಿ ಕೆಲವರು ಹಿಡಿಯುವುದುಂಟು. ಹೆಡ್ಡಿಗೆ ಕೈ ಹಚ್ಚದೆ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆ ಜಾಸ್ತಿ ಬಿಡುವುದು. ಗಾಡಿ ಅಂದು ಜೋರು ಎಳೆಯುತ್ತದೆ, ನಿಜ. ಆದರೆ ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಾದರೆ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ, ಎಕ್ಸಾಸ್ಟಿನ ಬಿಸಿ ಏರುತ್ತದೆ. ಅದನ್ನು ಹೊರುವವನು ಮತ್ತೆ ಅದೇ ಎಕ್ಸಾಸ್ಟ್ ವಾಲ್ವ್. ಕಂಪೆನಿಯವರು ಆ ಸ್ಕ್ರೂಗೆ ಸೀಲ್ ಹಾಕಿರುವುದು ಸುಮ್ಮನೆ ಅಲ್ಲ.

ಅಲ್ಲಿ ಗಡಸು ನೀರು, ಇಲ್ಲಿ ಉಪ್ಪು ನೀರು

ಹೆಡ್ ಬಿರುಕು ಬಿಡುವುದಕ್ಕೆ ಪವರಿಗಿಂತ ದೊಡ್ಡ ಕಾರಣ ನೀರು. ವಿಜಯಪುರ ಜಿಲ್ಲೆಯಲ್ಲಿ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದನ್ನೇ ರೇಡಿಯೇಟರಿಗೆ ಸುರಿದರೆ ಹೆಡ್ಡಿನೊಳಗಿನ ದಾರಿಯಲ್ಲಿ ಸುಣ್ಣದಂಥ ಪದರ ಕಟ್ಟುತ್ತದೆ, ಚಹಾ ಪಾತ್ರೆಯ ತಳದಲ್ಲಿ ಕಟ್ಟಿದ ಹಾಗೆ. ಹೊರಗಿನಿಂದ ನೋಡಿದರೆ ರೇಡಿಯೇಟರ್ ತುಂಬಿದೆ, ಪಂಪೂ ತಿರುಗುತ್ತಿದೆ. ಒಳಗೆ ಮಾತ್ರ ಸೀಟಿನ ಬಿಸಿ ನೀರಿಗೆ ದಾಟುತ್ತಿಲ್ಲ.

ನಮ್ಮ ಬೋಟುಗಳಲ್ಲಿ ಉಪ್ಪಿನ ಕಾಟ. ಕಡಲ ನೀರನ್ನು ನೇರ ಇಂಜಿನಿನೊಳಗೆ ಹರಿಸಿದರೆ ತುಕ್ಕು, ಉಪ್ಪಿನ ಪದರ ಎರಡೂ ಬರುತ್ತವೆ. ಅದಕ್ಕೇ ಒಳಗೆ ಸಿಹಿನೀರು ಸುತ್ತಿಸಿ, ಅದನ್ನು ಕಡಲ ನೀರಿನಿಂದ ಹೊರಗಿನಿಂದ ತಣಿಸುವ ವ್ಯವಸ್ಥೆ ಮಾಡುವುದು. ಆ ಒಳಗಿನ ನೀರಿಗೆ ಕೂಲೆಂಟ್ ಬೆರೆಸದೆ, ಕಮ್ಮಿಯಾದಾಗಲೆಲ್ಲ ಸಿಕ್ಕಿದ ನೀರು ಸೇರಿಸುತ್ತಾ ಹೋದರೆ ಕೊನೆಗೆ ಆಗುವುದು ತಿಕೋಟಾದ ಟ್ರ್ಯಾಕ್ಟರಿಗೆ ಆದದ್ದೇ. ಇಂಜಿನ್ ಬಿಸಿಯಾದಾಗ ತಣ್ಣೀರು ಸುರಿಯುವ ಅಭ್ಯಾಸವಂತೂ ಹೆಡ್ಡಿನ ಶತ್ರು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡದೆ ಇನ್ನೇನು?

ಎರಡು ವಾಲ್ವುಗಳ ನಡುವೆ ಕೂದಲೆಳೆಯ ಬಿರುಕು ಇದ್ದರೆ ಕಣ್ಣಿಗೆ ಕಾಣದು. ಬಣ್ಣದ ದ್ರವ ಹಚ್ಚಿ ನೋಡುವ ಪರೀಕ್ಷೆ ಇದೆ. ನೀರಿನ ದಾರಿಗಳನ್ನು ಮುಚ್ಚಿ ಒಳಗೆ ಒತ್ತಡ ಕೊಟ್ಟು ಸೋರುತ್ತದೆಯೇ ನೋಡುವ ಪರೀಕ್ಷೆಯೂ ಇದೆ. ಹೊಸ ವಾಲ್ವ್, ಹೊಸ ಸೀಟು ಹಾಕಿಸುವ ಮೊದಲು ಈ ಪರೀಕ್ಷೆ ಆಗಬೇಕು. ಬಿರುಕು ಬಿಟ್ಟ ಹೆಡ್ಡಿಗೆ ಹೊಸ ವಾಲ್ವ್ ಹಾಕುವುದು ಸೋರುವ ಮಾಡಿಗೆ ಬಣ್ಣ ಬಳಿದ ಹಾಗೆ.

800 ವರ್ಷ ಹಿಂದಿನ ಕೈಕೆಲಸ

ವಾಲ್ವನ್ನು ಸೀಟಿಗೆ ಕೂರಿಸುವ ಕೊನೆಯ ಕೆಲಸಕ್ಕೆ ಲ್ಯಾಪಿಂಗ್ ಅಂತಾರೆ. ವಾಲ್ವಿನ ಅಂಚಿಗೆ ಎಮರಿ ಪೇಸ್ಟ್ ಹಚ್ಚಿ, ಸೀಟಿನ ಮೇಲಿಟ್ಟು, ಕೈಯಲ್ಲಿ ಹಿಂದೆ ಮುಂದೆ ತಿರುಗಿಸುತ್ತಾ ಉಜ್ಜುವುದು. ಎರಡೂ ಕಡೆ ಬೂದುಬಣ್ಣದ ಒಂದೇ ಸಮದ ಉಂಗುರ ಮೂಡಬೇಕು.

ಈ ಕೆಲಸದ ಚರಿತ್ರೆ ನಮ್ಮ ಓದುಗರಿಗೆ ಖುಷಿ ಕೊಡಬಹುದು. ಬದೀಉಝ್ಝಮಾನ್ ಅಲ್-ಜಝರಿ ಎಂಬ ಮುಸ್ಲಿಂ ತಂತ್ರಜ್ಞರು 1206ರಲ್ಲಿ ಯಂತ್ರಗಳ ಬಗ್ಗೆ ಅರಬಿ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥ ಬರೆದು ಮುಗಿಸಿದರು. ಈಗಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ದೊರೆಗಳ ಆಸ್ಥಾನದಲ್ಲಿದ್ದವರು ಅವರು. ನೀರಿನ ಗಡಿಯಾರ, ಎರಡು ಸಿಲಿಂಡರಿನ ಪಂಪುಗಳ ಜೊತೆಗೆ, ವಾಲ್ವನ್ನೂ ಅದರ ಸೀಟನ್ನೂ ಎಮರಿ ಪುಡಿ ಹಾಕಿ ಒಂದಕ್ಕೊಂದು ಉಜ್ಜಿ ನೀರು ಸೋರದಂತೆ ಕೂರಿಸುವ ವಿಧಾನವನ್ನೂ ಅವರು ವಿವರಿಸಿದ್ದಾರೆ. ಬಂದರಿನಲ್ಲಾಗಲಿ ವಿಜಯಪುರದಲ್ಲಾಗಲಿ ಮೇಸ್ತ್ರಿಗಳು ಇವತ್ತು ಮಾಡುವುದೂ ಅದನ್ನೇ. ಇದು ಬರೀ ಎಣ್ಣೆ ಕೈಯ ಕೆಲಸ ಅಂತ ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಆದರೆ ಲ್ಯಾಪಿಂಗ್ ಕೊನೆಯ ಹಂತ, ಮೊದಲನೆಯದಲ್ಲ. ಗೈಡ್ ಸವೆದು ವಾಲ್ವ್ ಅಲ್ಲಾಡುತ್ತಿದ್ದರೆ ಎಷ್ಟು ಉಜ್ಜಿದರೂ ಅದು ಪ್ರತಿ ಸಲ ಬೇರೆ ಬೇರೆ ಕಡೆ ಕೂರುತ್ತದೆ. ಹಾಗಾಗಿ ಮೊದಲು ಗೈಡ್, ಆಮೇಲೆ ಸೀಟ್ ಕಟಿಂಗ್, ಆಮೇಲೆ ಲ್ಯಾಪಿಂಗ್. ಸೀಟನ್ನು ಒಂದೇ ಕೋನದಲ್ಲಿ ಕೊರೆದು ಬಿಡುವ ಬದಲು, 45 ಡಿಗ್ರಿಯ ಸೀಟಿಗೆ ಮೇಲೆ 30, ಕೆಳಗೆ 60 ಡಿಗ್ರಿಯ ಕೋನ ಕೊಟ್ಟರೆ ಸೀಟಿನ ಅಗಲ ಹಿಡಿತಕ್ಕೆ ಬರುತ್ತದೆ, ಗಾಳಿಯೂ ಸಲೀಸಾಗಿ ಹರಿಯುತ್ತದೆ. ಸೀಟು ತೀರಾ ಸಪೂರವಾದರೆ ವಾಲ್ವ್ ತಣಿಯುವುದಿಲ್ಲ, ತೀರಾ ಅಗಲವಾದರೆ ಮಸಿ ಕೂತು ಸೋರುತ್ತದೆ. ಎಷ್ಟು ಅಗಲ ಬೇಕು ಎನ್ನುವುದು ಆಯಾ ಇಂಜಿನಿನ ಪುಸ್ತಕದಲ್ಲೇ ಇರುತ್ತದೆ.

ನಮ್ಮ ಮಟ್ಟಿಗೆ ಹೇಳುವುದಾದರೆ, ಬೋಟಿಗೂ ಟ್ರ್ಯಾಕ್ಟರಿಗೂ ನಿಜವಾದ 'ಅಪ್‌ಗ್ರೇಡ್' ಅಂದರೆ ಇದೇ. ವಾಲ್ವಿನ ಅಳತೆ ಕಂಪೆನಿಯದ್ದೇ ಇರಲಿ, ಅದರ ಗುಣಮಟ್ಟ ಏರಲಿ. ಅಂಚಿಗೆ ಸ್ಟೆಲೈಟ್‌ನಂಥ ಗಟ್ಟಿ ಲೋಹ ಕೂರಿಸಿದ ಎಕ್ಸಾಸ್ಟ್ ವಾಲ್ವ್, ಒಳ್ಳೆಯ ಸೀಟ್ ರಿಂಗ್, ಸರಿಯಾದ ಗೈಡ್. ಹಾರ್ಸ್ ಪವರ್ ಒಂದೂ ಹೆಚ್ಚದಿರಬಹುದು. ಕಳೆದುಹೋದ ಹಾರ್ಸ್ ಪವರ್ ಮಾತ್ರ ವಾಪಸ್ ಬರುತ್ತದೆ, ಬಂದದ್ದು ಉಳಿಯುತ್ತದೆ.

ಹೆಡ್ ಕೆಲಸಕ್ಕೆ ಕೊಟ್ಟವರು ಕೇಳಬೇಕಾದದ್ದು

ಮೇಸ್ತ್ರಿಗಳ ಮೇಲೆ ನಂಬಿಕೆ ಇರಲಿ, ಜೊತೆಗೆ ನಾಲ್ಕು ಪ್ರಶ್ನೆಯೂ ಇರಲಿ.

ಬಿರುಕಿನ ಪರೀಕ್ಷೆ ಆಯಿತಾ? ಹೆಡ್ಡಿನ ಮೈ ಸಮ ಇದೆಯಾ ಅಂತ ಸ್ಕೇಲ್ ಇಟ್ಟು ಫೀಲರ್ ಗೇಜಿನಲ್ಲಿ ನೋಡಿದರಾ? ಫೇಸಿಂಗ್ ಮಾಡಿದ್ದರೆ ಎಷ್ಟು ತೆಗೆದರು, ಇನ್ನೆಷ್ಟು ಉಳಿದಿದೆ? ವಾಲ್ವ್ ಕೂರಿಸಿದ ಮೇಲೆ ಹೆಡ್ಡನ್ನು ವಾಲಿಸಿಟ್ಟು ಪೋರ್ಟಿಗೆ ಸೀಮೆಎಣ್ಣೆಯೋ ಡೀಸೆಲೋ ಹೊಯ್ದು ಸೋರಿಕೆ ನೋಡಿದರಾ? ಈ ಕೊನೆಯ ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಡ, ನಿಮ್ಮ ಕಣ್ಣೆದುರೇ ಮಾಡಿಸಬಹುದು.

ಹೆಡ್ ಕಟ್ಟುವಾಗ ಹೊಸ ಗ್ಯಾಸ್ಕೆಟ್ ಕಡ್ಡಾಯ. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ, ಹಂತಹಂತವಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಪೈಪು ಸಿಕ್ಕಿಸಿ ತೋಳಿನ ಅಂದಾಜಿನಲ್ಲಿ ಬಿಗಿದರೆ ಹೆಡ್ ಸೊಟ್ಟಗಾಗುತ್ತದೆ. ಕೊನೆಗೆ ಟ್ಯಾಪೆಟ್. ಕಂಪೆನಿ ಹೇಳಿದ ಸಂದಿಗಿಂತ ಕಡಿಮೆ ಇಟ್ಟರೆ ಸದ್ದು ಕಮ್ಮಿ, ಕೇಳಲು ಚೆಂದ. ಆದರೆ ಇಂಜಿನ್ ಕಾದು ವಾಲ್ವ್ ಉದ್ದವಾದಾಗ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಮೊದಲು ಹೇಳಿದೆವಲ್ಲ, ಕೂರದ ವಾಲ್ವ್ ತಣಿಯುವುದಿಲ್ಲ, ಸುಡುತ್ತದೆ. ಟ್ಯಾಪೆಟ್ ಟಿಕ್ ಟಿಕ್ ಅಂದರೆ ಬೇಸರ ಬೇಡ, ಏನೂ ಸದ್ದಿಲ್ಲದಿದ್ದರೆ ಒಮ್ಮೆ ನೋಡಿಸಿ.

ನಮ್ಮ ಹುಡುಗರಿಗೊಂದು ಮಾತು

ಎಸೆಸೆಲ್ಸಿ ಮುಗಿಸಿ ಮುಂದೇನು ಅಂತ ಯೋಚಿಸುವ ಮಕ್ಕಳಿಗೆ ಈ ಕಸುಬಿನಲ್ಲಿ ದಾರಿ ಇದೆ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಒಂದು ವರ್ಷದ್ದು, ಮೋಟಾರ್ ವೆಹಿಕಲ್ ಮೆಕ್ಯಾನಿಕ್ 2 ವರ್ಷದ್ದು. ಬೋಟಿನ ಇಂಜಿನನ್ನೇ ಕಲಿಯಬೇಕು ಅನ್ನುವವರಿಗೆ ಕೊಚ್ಚಿಯಲ್ಲಿ ಕೇಂದ್ರ ಸರಕಾರದ ಸಿಫ್‌ನೆಟ್ ಸಂಸ್ಥೆ ಇದೆ. 1963ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಮರೈನ್ ಫಿಟ್ಟರ್ ಎಂಬ 2 ವರ್ಷದ ಕೋರ್ಸ್ ಇದೆ, ಹತ್ತನೇ ತರಗತಿ ಪಾಸಾದವರಿಗೆ. ಚೆನ್ನೈ, ವಿಶಾಖಪಟ್ಟಣದಲ್ಲೂ ಅದರ ಘಟಕಗಳಿವೆ. ಗಲ್ಫಿಗೆ ಹೋಗುವುದೇ ಇದ್ದರೂ ಕೈಯಲ್ಲಿ ಸರ್ಟಿಫಿಕೇಟ್ ಇರುವ ಡೀಸೆಲ್ ಮೆಕ್ಯಾನಿಕ್ ಆಗಿ ಹೋಗುವುದು ಬೇರೆಯೇ. ಊರಲ್ಲೇ ಉಳಿದರೂ ಒಳ್ಳೆಯ ಹೆಡ್ ಮೇಸ್ತ್ರಿಗೆ ಬೋಟಿನವರಷ್ಟೇ ಅಲ್ಲ, ಟ್ರ್ಯಾಕ್ಟರಿನವರು, ಲಾರಿಯವರು, ಬೋರ್‌ವೆಲ್ ಗಾಡಿಯವರು ಎಲ್ಲ ಗಿರಾಕಿಗಳೇ. ಕಡಲ ಬದಿಯಲ್ಲಿ ಕಲಿತ ಕೆಲಸ ಬಬಲೇಶ್ವರದಲ್ಲೂ ಅನ್ನ ಕೊಡುತ್ತದೆ.

ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಅಂತ ಹೇಳುವುದುಂಟು. ತಕ್ಕಡಿ ಹಿಡಿದು ಬೆಳೆದವರು ನಾವು. ಅಳತೆಯಲ್ಲಿ, ತೂಕದಲ್ಲಿ ಕಡಿಮೆ ಮಾಡಬಾರದು ಎಂದು ಕುರ್‌ಆನ್ ಎಚ್ಚರಿಸಿದ್ದನ್ನು ಚಿಕ್ಕಂದಿನಿಂದ ಮದ್ರಸದಲ್ಲಿ ಕೇಳಿದ್ದೇವೆ. ಗ್ಯಾರೇಜಿನಲ್ಲಿ ತಕ್ಕಡಿ ಇರುವುದಿಲ್ಲ, ಅಲ್ಲಿ ಅಳತೆ ಅಂದರೆ ಫೀಲರ್ ಗೇಜು, ಟಾರ್ಕ್ ರೆಂಚು. ಬಿಚ್ಚಿ ನೋಡುವವರೆಗೆ ಹೆಡ್ಡಿನೊಳಗಿನ ಕೆಲಸ ಯಾರಿಗೂ ಕಾಣದು. ಗಿರಾಕಿ ನಮ್ಮನ್ನು ನಂಬಿ ಬಿಟ್ಟುಹೋದ ಅಮಾನತ್ತು ಅದು. ಆ ಇಂಜಿನಿನ ಮೇಲೆ ನಂಬಿಕೆ ಇಟ್ಟು ಯಾರೋ ಕಡಲಿಗೆ ಇಳಿಯುತ್ತಾರೆ, ಯಾರೋ ಮಳೆ ನಿಂತ ಕೂಡಲೇ ತೋಟಕ್ಕೆ ಇಳಿಯುತ್ತಾರೆ. ಅರ್ಧ ಮಿಲಿಮೀಟರಿನಲ್ಲಿ ಮಾಡಿದ ಉದಾಸೀನ ಅವರ ಬೆನ್ನಿಗೆ ಬೀಳದಿರಲಿ.